ಓಬಜ್ಜಿಯ ಕೊರಲೆಗೆ ನಾನು ಮಾಡಿಸಿದ ಬಿಸಿನೀರ ಸ್ನಾನ

ಆ ದಿನ ಬೆಳಿಗ್ಗೆ ಎಂದಿನಂತೆ ಐದೂವರೆಗೆ ಎದ್ದೆ. ಹೊನ್ನಾಳಿಯ ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಬಚ್ಚಲೊಲೆಗೆ ತೆಂಗಿನ ಗರಿ ತುರುಕಿ, ಸೀಮೆಎಣ್ಣೆ ಸ್ಟೋವಿನ ಮೇಲೆ ಹಾಲಿಟ್ಟೆ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡು, ಉಳಿದರ್ಧ ಮುಖದಿಂದ ಮಾತಾಡುವುದು ಅವರ ಅಭ್ಯಾಸ.

"ಹಂಡೆ ನೀರು ಕುದೀತಾ ಐತೆ, ನೋಡು."

"ನೀವೇ ತೋಡಿಕೊಳ್ಳಿ" ಎಂದೆ. ಕುದಿಯುವ ನೀರು ಕಂಡರೆ ನನಗೆ ಒಂದು ತಿಂಗಳಿಂದ ಮುಜುಗರ.

"ಇವತ್ತು ಹೋಗಿ ಬಂದ್ಮೇಲಾದ್ರೂ ಕಾಫಿ ಬಿಸಿ ಮಾಡಿ ಕೊಡ್ತೀಯೋ, ಇಲ್ಲ ಇನ್ನು ಜೀವಮಾನವೆಲ್ಲ ಉಗುರುಬೆಚ್ಚಗೇನೋ?"

ನಾನು ಉತ್ತರ ಕೊಡುವ ಮೊದಲೇ ಪಕ್ಕದ ಮನೆಯ ನೀಲಮ್ಮನವರು ಕಾಫಿಪುಡಿಗೆ ಲೋಟ ಹಿಡಿದು ಬಂದರು. ಈ ನೀಲಮ್ಮನವರು ನನ್ನ ಮೊದಲ ಶಿಷ್ಯೆ. ನಾನು ಊರೂರು ತಿರುಗಿ ಹೇಳುವ ಸ್ವಚ್ಛತೆಯ ಪಾಠವನ್ನೆಲ್ಲ ಮೊದಲು ಅವರ ಮುಂದೆ ಒಪ್ಪಿಸಿ ನೋಡುತ್ತಿದ್ದೆ. ಅವರ ಅಡಿಗೆಮನೆಯಲ್ಲಿ ಗಾಜಿನ ಬಾಟಲಿಗಳು ಎತ್ತರದ ಪ್ರಕಾರ ನಿಂತಿರುತ್ತಿದ್ದವು, ಶಾಲೆಯ ಪ್ರಾರ್ಥನೆಗೆ ಮಕ್ಕಳು ನಿಂತ ಹಾಗೆ. "ಎಲ್ಲಿಗ್ರೀ ಟೀಚರ್ರೇ, ಇಷ್ಟು ಬೇಗ?" ಎಂದರು. "ಜಗಳೂರಿಗೆ" ಎಂದೆ. "ಅಯ್ಯೋ, ಬಿಸಿಲು" ಎಂದು ಹೇಳಿ, ಪುಡಿ ತಗೊಂಡು ಹೋದರು.

ಜಗಳೂರಿನಿಂದಾಚೆ ಕುರುಚಲು ಕಾಡಿನ ಅಂಚಿನ ಒಂದು ಹಟ್ಟಿಯಲ್ಲಿ ಓಬಜ್ಜಿ ಎಂಬ ಮುದುಕಿ ನನ್ನ ಕೂಡ ಮಾತು ಬಿಟ್ಟು ಒಂದು ತಿಂಗಳಾಗಿತ್ತು. ಅವಳ ಮನೆಯಲ್ಲಿ ತಲೆಮಾರುಗಳಿಂದ ಉಳಿದು ಬಂದಿದ್ದ ಕೊರಲೆ ಎಂಬ ಕಿರುಧಾನ್ಯದ ಬೀಜವನ್ನು ನಾನು ಕೈಯಾರೆ ಹಾಳು ಮಾಡಿದ್ದೆ. ಈಗ ಪುಷ್ಯ ಮಳೆ ಬಿದ್ದಿತ್ತು, ಜಗಳೂರು ಬಸ್ಸಿನ ಕಂಡಕ್ಟರೇ ಸುದ್ದಿ ತಂದಿದ್ದ. ಹೊಲ ಹದವಾಗಿತ್ತು, ಬೀಜವಿರಲಿಲ್ಲ. ಈ ಹದ ತಪ್ಪಿದರೆ ಆ ವರ್ಷ ಹಟ್ಟಿಯಲ್ಲಿ ಕೊರಲೆ ಇಲ್ಲ. ಆ ವರ್ಷ ಇಲ್ಲವೆಂದರೆ ಮತ್ತೆಂದೂ ಇಲ್ಲ, ಏಕೆಂದರೆ ಆ ಬೀಜ ಇದ್ದದ್ದೇ ಆ ಒಂದು ಮನೆಯಲ್ಲಿ.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ಮನೆಗೆ ಬಂದು, "ಮೇಡಂ, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು?" ಎಂದು ಕೇಳುತ್ತಾರೆ. ನಿವೃತ್ತಿಯ ದಿನ ಹೊದಿಸಿದ ಶಾಲಿನ ಬಗ್ಗೆ ಹೇಳುವಂಥದ್ದೇನಿಲ್ಲ. ಬೆಚ್ಚಗಿದೆ, ಅಷ್ಟೆ. ನನಗೆ ಕೆಲಸ ಕಲಿಸಿದ್ದು ತಪ್ಪುಗಳು. ಅವನ್ನೇ ಬರೆದಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ನಡುವೆ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮಧ್ಯಾಹ್ನಗಳು ಉದ್ದವಾಗಿದ್ದವು. ಒಂದು ಸೇವಾ ಸಂಸ್ಥೆಯವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿನ ಹಳ್ಳಿಗಳಲ್ಲಿ ಹೆಂಗಸರಿಗೆ ಊಟದ ತಿಳಿವಳಿಕೆ ಹೇಳಲು 'ಪೋಷಣಾ ಶಿಕ್ಷಕಿ' ಬೇಕೆಂದರು. ನನ್ನನ್ನು ನೋಡಿದವರು ಪಿಂಟೋ ಮೇಡಂ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಪ್ಪು ಕೊಡೆ, ಎಡಗೈಗೆ ಗಂಡಸರ ವಾಚು. ನಾನು ಕಾನ್ವೆಂಟಿನಲ್ಲಿ ಓದಿದವಳು ಅಂತ ತಿಳಿದದ್ದೇ ತಡ, "ವೈಟ್ ಸಾಸ್ ಮಾಡೋದು ಗೊತ್ತಾ?" ಎಂದು ಕೇಳಿದರು. ಗೊತ್ತು ಎಂದೆ. "ಕಸ್ಟರ್ಡ್?" ಅದೂ ಗೊತ್ತು ಎಂದೆ. ಕೆಲಸ ಸಿಕ್ಕಿತು. ನವಣೆಗೂ ಸಜ್ಜೆಗೂ ವ್ಯತ್ಯಾಸ ಗೊತ್ತಾ ಅಂತ ಕೇಳಿದ್ದರೆ ಮನೆಗೆ ವಾಪಸ್ ಬಂದಿರುತ್ತಿದ್ದೆ.

ನನ್ನ ಕೈಗೆ ಒಂದು ಚಾರ್ಟು ಕೊಟ್ಟರು. ಸುರುಳಿ ಬಿಚ್ಚಿದರೆ ಬಾಗಿಲಿನಷ್ಟು ದೊಡ್ಡದು. ನಡುವೆ ಕೆಂಪು ಕೆನ್ನೆಯ ಒಬ್ಬ ಹುಡುಗ, ಸುತ್ತ ಸೇಬು, ಹೂಕೋಸು, ಉದ್ದನೆಯ ಬ್ರೆಡ್ಡು, ತೂತುತೂತಾದ ಚೀಸು, ಗುಲಾಬಿ ಬಣ್ಣದ ಮೀನು. ಯಾವ ದೇಶದಲ್ಲಿ ಅಚ್ಚಾಗಿತ್ತೋ ಏನೋ, ಅದನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತುತ್ತಿದ್ದೆ.

ಕೆರೆಬಿಳಚಿಯಲ್ಲಿ ಒಬ್ಬಾಕೆ ಚೀಸಿನ ಚಿತ್ರಕ್ಕೆ ಮೂಗು ತಾಗಿಸಿ ನೋಡಿ, "ಇಲಿ ಕಡಿದಿದ್ದನ್ನ ಯಾಕ್ರೀ ಚಿತ್ರ ಬರೆಸೀರಿ?" ಎಂದಳು. ಗೋವಿನಕೋವಿಯಲ್ಲಿ ಸೇಬು ತಿನ್ನಿರಿ ಎಂದರೆ ಹೆಂಗಸರೆಲ್ಲ ಗಾಬರಿಯಾದರು. "ನಮ್ಮ ಮನೀಲಿ ಯಾರೂ ಆಸ್ಪತ್ರೆ ಸೇರಿಲ್ಲ ಕಣ್ರೀ, ಸೇಬು ಯಾಕೆ ತರಾಕೆ ಹೇಳ್ತೀರಿ?" ಆಗ ಸೇಬು ಕಾಣುತ್ತಿದ್ದದ್ದು ರೋಗಿಯ ಮಂಚದ ಪಕ್ಕ ಮಾತ್ರ. ಇವನ್ನೆಲ್ಲ ವರದಿಯಲ್ಲಿ 'ಗ್ರಾಮಸ್ಥರಲ್ಲಿ ಅರಿವಿನ ಕೊರತೆ' ಎಂದು ನೀಟಾದ ಅಕ್ಷರದಲ್ಲಿ ಬರೆದೆ. ನನ್ನ ಅಕ್ಷರ ಚೆನ್ನಾಗಿತ್ತು, ಸಿಸ್ಟರುಗಳು ತಿದ್ದಿಸಿದ್ದು.

ಓಬಜ್ಜಿಯ ಹಟ್ಟಿಗೆ ಮೊದಲ ಸಲ ಹೋದದ್ದು ಮೊಟ್ಟೆಗಳ ಜೊತೆ. 'ಮೊಟ್ಟೆಯ ಮಹತ್ವ' ಆ ತಿಂಗಳ ಪಾಠ. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ, ಮೊಟ್ಟೆಯನ್ನು ನಾನು ಅಲ್ಲಿಯತನಕ ಮುಟ್ಟಿರಲಿಲ್ಲ. ಒಂದು ಡಜನ್ನನ್ನು ಬುಟ್ಟಿಯಲ್ಲಿ ಹುಲ್ಲು ಹಾಸಿ ಇಟ್ಟು, ಮೇಲೊಂದು ಟವೆಲ್ ಮುಚ್ಚಿ, ಬುಟ್ಟಿಯನ್ನು ಮೈಗೆ ತಾಗದಂತೆ ಮುಂಗೈಯಲ್ಲಿ ಹಿಡಿದು, ಬಸ್ಸಿನಲ್ಲಿ ಅಷ್ಟು ದೂರ ಹೋದೆ. ಹಟ್ಟಿಯ ಬೇಲಿಯ ಹತ್ತಿರ ಒಬ್ಬ ಮುದುಕಿ ಕೋಲು ಅಡ್ಡ ಹಿಡಿದು ನಿಲ್ಲಿಸಿದಳು. ಎತ್ತರದ ಹೆಂಗಸು, ಕಿವಿಯ ಮೇಲ್ತುದಿಯಲ್ಲಿ ಬಾವಲಿ ಎಂಬ ಒಡವೆ, ಕಣ್ಣು ಮಾತ್ರ ಚಿಕ್ಕ ಹುಡುಗಿಯದು.

"ಬುಟ್ಟೀಲಿ ಏನೈತವ್ವಾ?"

"ಮೊಟ್ಟೆ, ಅಜ್ಜೀ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಅಲ್ಲೇ ಮರಕ್ಕೆ ತೂಗಾಕು. ನಾವು ಮ್ಯಾಸ ನಾಯಕರು ಕಣವ್ವ. ನಮ್ಮ ಹಟ್ಟಿ ಒಳಗೆ ಕೋಳಿ ಕಾಲಿಡಾಕಿಲ್ಲ, ಇನ್ನು ಅದರ ಮೊಟ್ಟೆ ಬತ್ತೈತಾ? ಹೋಗ್ಲಿ, ನೀನಾದ್ರೂ ತಿಂತೀಯಾ?"

"ಇಲ್ಲ ಅಜ್ಜೀ. ನಮ್ಮ ಮನೇಲೂ ತಿನ್ನಲ್ಲ."

ಓಬಜ್ಜಿ ಕೋಲು ಊರಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ಹಟ್ಟಿಯ ಕಡೆ ತಿರುಗಿ ಜೋರಾಗಿ ಕರೆದಳು. "ಲೇ ಬೋರೀ, ಬಾರೇ ಇಲ್ಲಿ! ತಾನೂ ತಿನ್ನಲ್ವಂತೆ, ನಾವೂ ತಿನ್ನಲ್ಲ, ಆದ್ರೂ ಹೊನ್ನಾಳಿಯಿಂದ ಹೊತ್ಕಂಡು ಬಂದೈತೆ ಪಾಪ! ನೀರು ಕೊಡೇ!" ಬೋರಿ ಎಂದರೆ ಅವಳ ಹೊಸ ಸೊಸೆ ಬೋರಮ್ಮ. ಆ ದಿನ ಮೂವತ್ತು ಮನೆಯ ಹೆಂಗಸರು ನಕ್ಕ ನಗೆಯಲ್ಲಿ ನನ್ನ ಪಾಠ ಕೊಚ್ಚಿಹೋಯಿತು. ಸಂಜೆ ವಾಪಸಾಗುವಾಗ ಬುಟ್ಟಿಯನ್ನು ಕಂಡಕ್ಟರಿಗೆ ಕೊಟ್ಟೆ. ಅವನಿಗೆ ಮೊಟ್ಟೆಯ ಮಹತ್ವ ಮೊದಲೇ ಗೊತ್ತಿತ್ತು.

ಅಲ್ಲಿಂದ ಮುಂದೆ ಹಟ್ಟಿಗೆ ಹೋದಾಗಲೆಲ್ಲ ಪಾಠ ಹೇಳಿಸಿಕೊಂಡವಳು ನಾನೇ. ಚಾರ್ಟಿನ ಹುಡುಗನನ್ನು ನೋಡಿ ಓಬಜ್ಜಿ, "ಇವನ ಕೆನ್ನೆ ಯಾಕಿಷ್ಟು ಕೆಂಪು? ಯಾರಾದ್ರೂ ಬಾರಿಸಿದ್ರಾ?" ಎಂದು ಮರುಗಿ, ಚಾರ್ಟನ್ನು ಮೆಲ್ಲಗೆ ಸುತ್ತಿ ಮೂಲೆಗಿಟ್ಟಳು. ಹೊಲದ ಬದುವಿಗೆ ಕರೆದುಕೊಂಡು ಹೋಗಿ, ನಾನು ಕಸ ಎಂದು ತುಳಿದು ನಿಂತಿದ್ದ ಜಾಗದಿಂದಲೇ ಆರು ಥರದ ಸೊಪ್ಪು ಕಿತ್ತು ಮಡಿಲಿಗೆ ಹಾಕಿದಳು. ಮಧ್ಯಾಹ್ನ ಕೊರಲೆ ಅನ್ನ, ಬೆರಕೆ ಸೊಪ್ಪಿನ ಸಾರು, ಗುರೆಳ್ಳು ಚಟ್ನಿ. ಕೊರಲೆ ಎಂದರೆ ಸಣ್ಣ ಕಾಳು, ನವಣೆಯ ಬಡ ತಂಗಿಯ ಹಾಗಿರುತ್ತದೆ. ಒಂದೆರಡು ಮಳೆ ಬಿದ್ದರೂ ಸಾಕು, ಮರದ ನೆರಳಾದರೂ ಸಾಕು, ಬೆಳೆದುಬಿಡುತ್ತದೆ. ಒಂದು ತಟ್ಟೆ ಉಂಡು ಮೂರು ಮೈಲಿ ನಡೆದು ಬಸ್ಸು ಹಿಡಿದು ಹೊನ್ನಾಳಿ ಸೇರಿದರೂ ನನಗೆ ಹಸಿವಾಗಿರಲಿಲ್ಲ. ಪೋಷಣಾ ಶಿಕ್ಷಕಿಗೆ ಅದು ಯೋಚಿಸುವಂಥ ವಿಷಯ.

ಹಟ್ಟಿಯ ಬೇರೆ ಮನೆಗಳು ಶೇಂಗಾ ಬಿತ್ತಲು ಶುರು ಮಾಡಿದ ಮೇಲೆ ಕೊರಲೆ ಬೀಜ ಕಾಯುವವಳು ಓಬಜ್ಜಿ ಒಬ್ಬಳೇ ಆಗಿದ್ದಳು. ಬೇಕಾದವರು ಬಿತ್ತನೆ ಹೊತ್ತಿಗೆ ಅವಳಲ್ಲಿಗೇ ಬರುತ್ತಿದ್ದರು. ಅವರಲ್ಲಿ ಬೀಜ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಬೇಕಾದ ಹೆಂಗಸು ಬಂದು ಸೆರಗೊಡ್ಡಬೇಕು, ಬೀಜದ ಮನೆಯವಳು ಅವಳ ಮಡಿಲಿಗೆ ಹಾಕಬೇಕು. ಹಾಗೆ ಒಮ್ಮೆ ನನ್ನ ಮಡಿಲಿಗೂ ಎರಡು ಹಿಡಿ ಹಾಕಿ, "ಹುಗ್ಗಿ ಮಾಡಿ ತಿಂದುಬಿಡಬ್ಯಾಡ. ಎಲ್ಲಾದ್ರೂ ಬಿತ್ತು" ಎಂದಳು. ನಮ್ಮ ಬಾಡಿಗೆ ಮನೆಯಲ್ಲಿ ಮಣ್ಣು ಇದ್ದದ್ದು ತುಳಸಿ ಕಟ್ಟೆಯಲ್ಲಿ ಮಾತ್ರ. ಬೀಜವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಬ್ಯಾಗಿನಲ್ಲಿಟ್ಟುಕೊಂಡೇ ತಿರುಗಿದೆ.

ಮುಂದಿನ ವಾರ ನನ್ನ ಸರದಿ ಚನ್ನಗಿರಿ ಕಡೆಯ ಒಂದು ಕ್ಯಾಂಪಿನಲ್ಲಿ. ಭದ್ರಾ ನಾಲೆಗೆ ನೀರು ಬಂದಾಗ ಆಂಧ್ರದ ಕಡೆಯಿಂದ ಬಂದು ಗದ್ದೆ ಮಾಡಿದವರ ವಸತಿಗೆ ಜನ ಕ್ಯಾಂಪು ಅಂತಲೇ ಕರೆಯುತ್ತಿದ್ದರು. ಅಲ್ಲಿ ನನಗೆ ಆಪ್ತಳಾದವಳು ವೆಂಕಾಯಮ್ಮ. ದುಂಡು ಮುಖ, ಮೂಗಿನ ಎರಡೂ ಕಡೆ ಬೇಸರಿ, ಮಾತು ಅರ್ಧ ಕನ್ನಡ ಅರ್ಧ ಕೈಸನ್ನೆ. ಪೆನ್ನು ತೆಗೆಯಲು ಬ್ಯಾಗು ಸುರುವಿದಾಗ ಗಂಟು ಬಿಚ್ಚಿ ಕಾಳು ಚೆಲ್ಲಿತು. ವೆಂಕಾಯಮ್ಮ ಒಂದು ಕಾಳು ಎತ್ತಿ ನೋಡಿ ಕೂಗಿಕೊಂಡಳು.

"ಅಂಡುಕೊರ್ರಲು! ಮೇಡಂಗಾರೂ, ಇದು ನಮ್ಮ ಅಮ್ಮಮ್ಮ ಅನ್ನ ಮಾಡ್ತಿದ್ಲು! ಅವಳ ಊರು ಒಣ ನೆಲ. ನಾನು ಮದುವೆ ಆಗಿ ನೀರಿನ ಕಡೆ ಬಂದೆ, ಆಮೇಲೆ ಇಲ್ಲಿಗೆ. ಅಕ್ಕಿ ಬೆಳೀತೀವಿ, ಅಕ್ಕಿ ತಿಂತೀವಿ, ಕನಸಲ್ಲೂ ಬಿಳೀ ಅಕ್ಕೀನೇ."

ಬೀಜದ ಕಟ್ಟಳೆ ಹೇಳಿದೆ. ಅವಳು ತಕ್ಷಣ ಸೆರಗು ಬಿಡಿಸಿ ಒಡ್ಡಿದಳು. ನಾಲೆ ನೀರು ಹತ್ತದ ದಿಬ್ಬ ಒಂದು ಅವರ ಹುಲ್ಲಿನ ಬಣವೆಯ ಹಿಂದಿತ್ತು, ಅಲ್ಲಿ ಚೆಲ್ಲಿದಳಂತೆ. "ನಮ್ಮಾಯನ ನಗು ನೋಡಬೇಕಿತ್ತು. ಇಷ್ಟು ಗದ್ದೆ ಇಟ್ಕೊಂಡು ಗುಬ್ಬಿಗೆ ಹೊಲ ಮಾಡ್ತೀಯಾ ಅಂದ" ಎಂದು ಗಂಡನ ಬಗ್ಗೆ ಒಂದು ಸಲ ಹೇಳಿದ್ದಳು. ಆ ಮಾತನ್ನು ನಾನು ಅಲ್ಲಿಗೇ ಮರೆತೆ.

ಇನ್ನು ಆ ಸ್ನಾನದ ಕತೆ.

ಮರುವರ್ಷ ನಮ್ಮ ಸಂಸ್ಥೆಯವರು 'ಸ್ವಚ್ಛ ಸಂಗ್ರಹ ಸಪ್ತಾಹ' ಇಟ್ಟುಕೊಂಡರು. ದೂರದ ಕಚೇರಿಯಿಂದ ಅತಿಥಿಗಳು ಬರುತ್ತಾರೆ, ಯಾವುದಾದರೂ ಹಿಂದುಳಿದ ಹಟ್ಟಿಯಲ್ಲಿ ಧಾನ್ಯ ಶೇಖರಣೆ ಸುಧಾರಿಸಿ ತೋರಿಸಿ ಎಂದು ಪಿಂಟೋ ಮೇಡಂ ಹೇಳಿದರು. ನಾನು ಹೆಮ್ಮೆಯಿಂದ ಓಬಜ್ಜಿಯ ಮನೆಯನ್ನೇ ಆರಿಸಿದೆ. ಅತಿಥಿಗಳಿಗಿಂತ ಎರಡು ದಿನ ಮೊದಲು ಆರು ಗಾಜಿನ ಭರಣಿ ಹೊತ್ತು ಹೋದರೆ ಅಜ್ಜಿ ಇರಲಿಲ್ಲ, ಮಗಳ ಬಾಣಂತನಕ್ಕೆ ಹೋಗಿದ್ದಳು. ಬೋರಮ್ಮ ಒಬ್ಬಳೇ. ಒಲೆಯ ಮೇಲಿನ ಅಟ್ಟದಲ್ಲಿ ಸಗಣಿ ಬಳಿದ ದೊಡ್ಡ ಬುಟ್ಟಿ. ಮುಚ್ಚಳ ತೆಗೆದರೆ ಒಳಗೆಲ್ಲ ಬೂದಿ, ಬೇವಿನೆಲೆ, ಹೊಗೆಯ ಜಿಡ್ಡು. ನನ್ನ ಕಾನ್ವೆಂಟಿನ ಮೂಗು ಮುದುಡಿತು.

"ಬೋರಮ್ಮ, ಇದೇನು ಹೀಗಿಟ್ಟಿದೀರಿ? ತೊಳೆದು ಭರಣಿಗೆ ಹಾಕೋಣ."

"ಅತ್ತೆ ಮುಟ್ಟಬ್ಯಾಡ ಅಂದೈತೆ" ಎಂದಳು ಬೋರಮ್ಮ, ನನ್ನ ಮುಖ ನೋಡದೆ, ಕಾಲ ಬೆರಳಿನಿಂದ ನೆಲ ಕೆರೆಯುತ್ತಾ.

"ಅತ್ತೆ ಬರೋದ್ರೊಳಗೆ ಫಳಫಳ ಮಾಡಿಡೋಣ, ಖುಷಿಯಾಗ್ತಾರೆ."

ಆ ಬೆರಳನ್ನು ನಾನು ನೋಡಿದೆ. ಅದರ ಬೆಳ್ಳಿ ಕಾಲುಂಗುರದ ಒಂದು ಹರಳು ಬಿದ್ದುಹೋದದ್ದನ್ನೂ ನೋಡಿದೆ. ಅದು ಏನು ಹೇಳುತ್ತಿದೆ ಎಂದು ಮಾತ್ರ ನೋಡಲಿಲ್ಲ. ಹುಡುಗಿಯರೇ, ಈ ಕೆಲಸದಲ್ಲಿ ನಿಮಗೆ ಎದುರು ಮಾತಾಡಲಾರದವರ ಕಾಲ ಬೆರಳನ್ನು ಗಮನಿಸಿ.

ಬೂದಿ ತೂರಿದೆ. ಹುಳು ಹಿಡಿಯಬಾರದೆಂದು, ಪುಸ್ತಕದಲ್ಲಿ ಹೇಳಿದ ಹಾಗೆ, ಕಾಳಿನ ಮೇಲೆ ಮೂರು ಕೊಡ ಕುದಿಯುವ ನೀರು ಹೊಯ್ದು ಸ್ವಲ್ಪ ಹೊತ್ತು ಬಿಟ್ಟೆ. ಬಸಿದು, ಬಂಡೆಯ ಮೇಲೆ ಎರಡು ದಿನ ಒಣಗಿಸಿದೆವು. ಭರಣಿಗೆ ತುಂಬಿದ ಮೇಲೆ ಚಿನ್ನದ ಹಾಗೆ ಹೊಳೆಯಿತು. ಅತಿಥಿಗಳು ಫೋಟೋ ಹಿಡಿದರು. ಪಿಂಟೋ ಮೇಡಂ ನನ್ನ ಬೆನ್ನು ತಟ್ಟಿದರು. ಊಟಕ್ಕಿಡುವ ಕಾಳಿಗೆ ಆ ಉಪಾಯ ಸರಿಯೇ. ಬೀಜವನ್ನೂ ಊಟದ ಕಾಳನ್ನೂ ಬೇರೆ ಇಡುತ್ತಾರೆ, ಬೂದಿ ಹಾಕಿದ್ದು ಕೊಳಕಲ್ಲ ಕಾವಲು ಎಂಬುದು, ಅಂಗಡಿಯಿಂದ ಸೇರಿನ ಲೆಕ್ಕದಲ್ಲಿ ಕಾಳು ತಂದವಳಿಗೆ ಹೇಗೆ ಹೊಳೆಯಬೇಕು?

ಹದಿನೈದು ದಿನದ ನಂತರ ಹೋದಾಗ ಓಬಜ್ಜಿ ಭರಣಿಯ ಮುಂದೆ ಕೂತಿದ್ದಳು. ಒಂದು ಕಾಳು ಹಲ್ಲಿಗೆ ಕೊಟ್ಟು ಕಚ್ಚಿದಳು. ಅಂಗೈ ಮೇಲೆ ಉಗುಳಿ ನನಗೆ ತೋರಿಸಿದಳು. ಒಡೆದ ಕಾಳಿನೊಳಗೆ ಬಿಳಿ ಹಿಟ್ಟು ಇರಬೇಕಾದ ಕಡೆ ಗಾಜಿನ ಚೂರಿನಂಥ ಹೊಳಪು.

"ಬೆಂದೈತೆ" ಎಂದಳು. ಅಷ್ಟೇ. ಅಳಲಿಲ್ಲ, ಬಯ್ಯಲಿಲ್ಲ. ಬಯ್ದಿದ್ದರೆ ನಾನು ಆ ರಾತ್ರಿ ಒಂದಿಷ್ಟು ನಿದ್ದೆ ಮಾಡುತ್ತಿದ್ದೆ.

ಪಿಂಟೋ ಮೇಡಂಗೆ ಹೇಳಿದೆ. "ಅದಕ್ಯಾಕೆ ಅಳ್ತೀಯಾ? ಸುಧಾರಿತ ತಳಿಯ ಪ್ಯಾಕೆಟ್ ಕೊಡಿಸೋಣ" ಎಂದು ದಪ್ಪನೆಯ ಪುಸ್ತಕ ತೆಗೆದರು. ಕೊರಲೆ ಬೆಳೆಗಳ ಪಟ್ಟಿಯಲ್ಲಿ ಸಿಗಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಕಳೆಗಳ ಪಟ್ಟಿಯಲ್ಲಿ. ಮೇಡಂ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ, ಮತ್ತೊಮ್ಮೆ ನೋಡಿದರು. "ಇದನ್ನ ಬರೆದೋರು ಆ ಅಜ್ಜಿ ಮನೇಲಿ ಊಟ ಮಾಡಿಲ್ಲ ಅಂತ ಕಾಣುತ್ತೆ" ಎಂದರು. ಪಿಂಟೋ ಮೇಡಂ ಬಾಯಿಂದ ಪುಸ್ತಕದ ವಿರುದ್ಧ ಒಂದು ಮಾತು ಬಂದದ್ದು ನಾನು ಕಂಡಂತೆ ಅದೇ ಮೊದಲು.

ಜಗಳೂರು ಸಂತೆ, ದಾವಣಗೆರೆ ಮಂಡಿ ಎಲ್ಲ ಕಡೆ ಕೇಳಿದೆ. ಎಲ್ಲೂ ಇಲ್ಲ. ಇದ್ದರೂ ಕೊಂಡ ಬೀಜವನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ಸೋತು ಕ್ಯಾಂಪಿನ ಸರದಿಗೆ ಹೋದಾಗ ನನ್ನ ಮುಖ ನೋಡಿ ವೆಂಕಾಯಮ್ಮ ಎಲ್ಲ ಹೇಳಿಸಿದಳು. ಕೇಳಿ ಒಳಗೆ ಹೋಗಿ ಹಾಲಿನಪುಡಿಯ ದೊಡ್ಡ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು. ಮುಚ್ಚಳ ತೆಗೆದರೆ ಬಾಯಿಮಟ ಕೊರಲೆ.

"ಗುಬ್ಬಿ ಬಿಟ್ಟಿದ್ದು ಇಷ್ಟು" ಎಂದಳು. "ನಾನೂ ಬರ್ತೀನಿ. ಮಡಿಲಿಂದ ಮಡಿಲಿಗೆ ಅಂತ ನೀವೇ ಹೇಳಿದ್ದಲ್ವಾ? ನಿಮ್ಮ ಕೈಗೆ ಕೊಟ್ರೆ ಮಧ್ಯದಲ್ಲಿ ಎಲ್ಲಾದ್ರೂ ಸ್ನಾನ ಮಾಡಿಸಿಬಿಡ್ತೀರಿ."

ಹೀಗೆ ಆ ಬೆಳಿಗ್ಗೆ ನಾನು ಚಿತ್ರಾನ್ನ ಕಟ್ಟಿಕೊಂಡು ದಾವಣಗೆರೆ ಬಸ್ ನಿಲ್ದಾಣಕ್ಕೆ ಹೋದೆ. ವೆಂಕಾಯಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮೊದಲೇ ಕೂತಿದ್ದಳು. ಸೊಂಟಕ್ಕೆ ಒಂದು ಒದ್ದೆ ಬಟ್ಟೆಯ ಸಣ್ಣ ಗಂಟೂ ಇತ್ತು. ಏನು ಎಂದರೆ ಹೇಳಲಿಲ್ಲ.

"ಅದೇನಮ್ಮ, ಕೂಸು ಹಿಡ್ಕಂಡಂಗೆ ಹಿಡ್ಕಂಡೀರಿ ಡಬ್ಬೀನ?" ಎಂದ ಕಂಡಕ್ಟರ್.

"ಕೂಸೇ. ತವರಿಗೆ ಕರ್ಕೊಂಡ್ ಹೋಗ್ತಿದೀನಿ."

ಜಗಳೂರು ಹತ್ತಿರವಾದಂತೆ ಅವಳು ಕಿಟಕಿಗೆ ಅಂಟಿಕೊಂಡಳು. ಕೆಂಪು ನೆಲ, ಜಾಲಿ, ಕುರಿ ಹಿಂಡು. "ನೀರೆಲ್ಲಿ ಮೇಡಂಗಾರೂ?" ಎಂದಳು. ನಾನು ಮೇಲೆ ಮೋಡದ ಕಡೆ ಬೆರಳು ತೋರಿಸಿದೆ. ಅವಳು ಬಹಳ ಹೊತ್ತು ಮೋಡವನ್ನೇ ನೋಡಿ, "ನಮ್ಮ ಅಮ್ಮಮ್ಮನೂ ಹಂಗೇ ತೋರಿಸ್ತಿದ್ಲು" ಎಂದಳು.

ಓಬಜ್ಜಿ ಜಗಲಿಯ ಮೇಲೆ ಕುರಿ ಉಣ್ಣೆ ಬಿಡಿಸುತ್ತ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ.

"ಬೋರೀ, ಬಂದೋರಿಗೆ ನೀರು ಕೊಡು. ತಣ್ಣೀರು ಕೊಡು. ಬಿಸಿನೀರು ಕೊಟ್ರೆ ಏನೇನ್ ಬೇಯಿಸ್ತಾರೋ."

ಬೋರಮ್ಮ ಚೊಂಬು ಕೊಡುವಾಗ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾನು ಚೊಂಬು ಹಿಡಿದು ಅಂಗಳದಲ್ಲೇ ನಿಂತೆ. ವೆಂಕಾಯಮ್ಮ ಮಾತ್ರ ಕರೆಯದೇ ಜಗಲಿ ಹತ್ತಿ ಅಜ್ಜಿಯ ಎದುರು ಚಕ್ಕಳಮಕ್ಕಳ ಹಾಕಿದಳು.

"ನೀನ್ಯಾರವ್ವಾ?"

"ಕ್ಯಾಂಪಿನೋಳು, ಅಜ್ಜೀ."

"ಹೋ, ನೀರಿನೋರು."

"ಹ್ಞೂಂ, ನೀರಿನೋರು. ಬಂದು ಇಪ್ಪತ್ತು ವರ್ಷ ಆದ್ರೂ ಇನ್ನೂ ಕ್ಯಾಂಪಿನೋರೇ. ನಿಮ್ಮ ಬೀಜ ಮಾತ್ರ ನಮ್ಮನೇಲಿ ಒಂದೇ ಮಳೇಲಿ ಬೇರು ಬಿಡ್ತು, ನೋಡಿ."

ಡಬ್ಬಿ ತೆರೆದಳು. ಓಬಜ್ಜಿ ಉಣ್ಣೆ ಕೆಳಗಿಟ್ಟು ಒಂದು ಕಾಳು ತೆಗೆದುಕೊಂಡಳು. ಕಚ್ಚಿದಳು. ಇನ್ನೊಂದು. ಮತ್ತೊಂದು. ನಾನು ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದೆ, ಅದರಲ್ಲಿ ಒಂದು ಇರುವೆ ಸಾಲು ಮೇಲೆ ಹೋಗುತ್ತಿತ್ತು, ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಜ್ಜಿ ಅಂಗೈ ಚಾಚಿದಳು. ಒಡೆದ ಕಾಳಿನ ಒಳಗೆ ಬಿಳಿ ಹಿಟ್ಟು.

"ನಮ್ದೇ" ಎಂದಳು. "ಗಂಡನ ಮನೀಲಿ ಉಂಡು ಒಂದಿಷ್ಟು ದಪ್ಪ ಆಗೈತೆ." ಆಮೇಲೆ ಮುಖ ಗಂಟಿಕ್ಕಿದಳು. "ನೀರಿನ ಸೀಮೇಲಿ ಬೆಳೆದದ್ದು. ನಮ್ಮ ನೆಲದಲ್ಲಿ ಮೊಳೀತೈತಾ?"

ವೆಂಕಾಯಮ್ಮ ಸೊಂಟದ ಗಂಟು ಬಿಚ್ಚಿದಳು. ಒದ್ದೆ ಬಟ್ಟೆಯ ಮೇಲೆ ಒಂದು ಚಿಟಿಕೆ ಕೊರಲೆ, ಒಂದೊಂದು ಕಾಳಿಗೂ ದಾರದೆಳೆಯಂಥ ಬಿಳಿ ಬೇರು. ಭತ್ತದವರು ಸಸಿಮಡಿಗೆ ಮುಂಚೆ ಬೀಜವನ್ನು ಒದ್ದೆ ಗೋಣಿಯಲ್ಲಿ ಮೊಳಕೆ ಬರಿಸುತ್ತಾರೆ. ಅದೇ ಉಪಾಯ. "ಮೂರು ದಿನದಿಂದ ಸೊಂಟದಲ್ಲೇ ಐತೆ. ನಮ್ಮಾಯ ಕೇಳ್ದ, ಏನೇ ಅದು ಅಂತ. ಹೇಳಲಿಲ್ಲ."

ಓಬಜ್ಜಿ ಬಗ್ಗಿ ನೋಡಿದಳು. "ಮಣ್ಣು ಇಲ್ದೇನೇ ಹೆರಿಗೆ ಮಾಡ್ಸೀಯಲ್ಲೇ!" ಎಂದವಳು, ಒಂದು ತಿಂಗಳಲ್ಲಿ ಮೊದಲ ಸಲ ಬಾಯಿ ತುಂಬ ನಕ್ಕಳು. ಹಟ್ಟಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿದರು.

ವೆಂಕಾಯಮ್ಮ ಡಬ್ಬಿ ಹಿಡಿದು ಎದ್ದು ನಿಂತಳು. ಬೀಜ ಬೇಕಾದವಳು ಸೆರಗೊಡ್ಡಬೇಕು. ಓಬಜ್ಜಿ ತನ್ನ ಜೀವಮಾನದಲ್ಲಿ ಕೊಟ್ಟವಳೇ ಹೊರತು ಒಡ್ಡಿದವಳಲ್ಲ. ಅವಳು ಎದ್ದಳು. ಸೆರಗಿನ ತುದಿ ಬಿಡಿಸಿ ಎರಡೂ ಕೈಯಲ್ಲಿ ಹಿಡಿದಳು.

"ಕೊಟ್ಟೇ ಗೊತ್ತು ಕಣವ್ವ. ಒಡ್ಡೋದು ಹೆಂಗೆ ಅಂತ ಗೊತ್ತಿಲ್ಲ."

"ನಾನೂ ಕೊಡ್ತಿರೋದು ಇದೇ ಮೊದಲು ಅಜ್ಜೀ. ಚೆಲ್ಲಿದ್ರೆ ಬಯ್ಯಬೇಡಿ."

ಒಂದು ಕಾಳೂ ಚೆಲ್ಲಲಿಲ್ಲ.

ಮಧ್ಯಾಹ್ನವೇ ಹೊಲಕ್ಕೆ ಹೊರಟೆವು. ಓಬಜ್ಜಿ ಬೀಜದ ಮೊರವನ್ನು ನನ್ನ ಕೈಗೆ ಕೊಟ್ಟಳು. ನಾನು ಹಿಂದೆ ಸರಿದೆ. "ಹಿಡಿ. ಬೇಯಿಸಿದ ಕೈಯಲ್ಲೇ ಚೆಲ್ಲು. ಕೈಗೂ ಗೊತ್ತಾಗಲಿ" ಎಂದಳು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಅವಳು ತೋರಿಸಿದ ಹಾಗೆ ಮಣಿಕಟ್ಟು ಬಳುಕಿಸಿ ಚೆಲ್ಲಿದೆ. ಮೊದಲ ಹಿಡಿಯೆಲ್ಲ ಒಂದೇ ಕಡೆ ಗುಡ್ಡೆಯಾಗಿ ಬಿತ್ತು. "ಮುಖಕ್ಕೆ ಪೌಡ್ರು ಹಾಕ್ದಂಗೆ ಅಲ್ಲ ಮೇಡಂಗಾರೂ, ಕೋಳಿಗೆ ಕಾಳು ಹಾಕ್ದಂಗೆ" ಎಂದಳು ವೆಂಕಾಯಮ್ಮ. ತಕ್ಷಣ ನಾಲಿಗೆ ಕಚ್ಚಿಕೊಂಡಳು, ಕೋಳಿಯ ವಿಷಯ ಬಸ್ಸಿನಲ್ಲಿ ಅವಳಿಗೆ ಹೇಳಿದ್ದೆ. ಓಬಜ್ಜಿ ಕೇಳಿಸದವಳ ಹಾಗೆ ಮುಂದೆ ನಡೆದಳು, ಆದರೆ ಅವಳ ಬೆನ್ನು ನಗುತ್ತಿತ್ತು.

ಆ ಬೀಜ ಎಂಟನೇ ದಿನಕ್ಕೆ ಹಸಿರಾಗಿ ಎದ್ದಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದಿಲ್ಲ. ಮುಂದಿನ ವರ್ಷದಿಂದ ನನ್ನ ಪಾಠದ ರೀತಿಯೂ ಬದಲಾಯಿತು. ಚಾರ್ಟನ್ನು ಬಿಸಾಡಲಿಲ್ಲ, ಕಾಗದ ಗಟ್ಟಿಯಿತ್ತು. ತಿರುಗಿಸಿ ಹಿಂಬದಿಯ ಬಿಳಿ ಕಡೆ ಆಯಾ ಊರಿನ ಹೆಂಗಸರಿಂದಲೇ ಅವರ ಕಾಳು, ಸೊಪ್ಪು ಹಚ್ಚಿಸಿದೆ. ಕ್ಯಾಂಪಿನವರು ಹಟ್ಟಿಗೆ, ಹಟ್ಟಿಯವರು ಕ್ಯಾಂಪಿಗೆ ಬರುವಂತಾಯಿತು. ಬದುವಿನ ಸೊಪ್ಪನ್ನು ಕ್ಯಾಂಪಿನ ಹೆಂಗಸರಿಗೆ ಓಬಜ್ಜಿಯೇ ಗುರುತು ಹಿಡಿಸಿದಳು, ಸೊಪ್ಪಿರುವ ಬದುವಿಗೆ ಔಷಧಿ ಹೊಡೆಯದಂತೆ ವೆಂಕಾಯಮ್ಮ ಗಂಡನ ಮೇಲೆ ಕಣ್ಣಿಟ್ಟಳು. ಪಿಂಟೋ ಮೇಡಂ ವರದಿಯಲ್ಲಿ ಇದಕ್ಕೊಂದು ಉದ್ದನೆಯ ಹೆಸರಿಟ್ಟರು. ನನಗೆ ನೆನಪಿಲ್ಲ.

ಆ ದಿನ ನಾವು ಹೊರಡುವಾಗ ಓಬಜ್ಜಿ ಬಿತ್ತಿ ಉಳಿದ ಬೀಜವನ್ನು ಮೂರು ಪಾಲು ಮಾಡಿದಳು. ಒಂದು ಪಾಲು ತನ್ನ ಅಟ್ಟಕ್ಕೆ. ಒಂದಕ್ಕೆ ಬೂದಿ ಬೆರೆಸಿ ವೆಂಕಾಯಮ್ಮನ ಡಬ್ಬಿಗೆ. ಮೂರನೆಯದನ್ನು ಸಗಣಿ ಬಳಿದ ಸಣ್ಣ ಬುಟ್ಟಿಯಲ್ಲಿ ಬೂದಿ, ಬೇವಿನೆಲೆ ಹಾಕಿ ಮುಚ್ಚಿ ನನ್ನ ಮಡಿಲಿಗಿಟ್ಟಳು.

"ನನಗಾ ಅಜ್ಜೀ?"

"ನಿಂಗೇ. ಒಂದೇ ಮನೀಲಿ ಇಟ್ಟಿದ್ದು ನಂದೇ ತಪ್ಪು. ಮೂರು ಮನೀಲಿ ಇರ್ಲಿ. ಬಿತ್ತಾಕೆ ಜಾಗ ಇಲ್ಲ ಅಂದ್ಯಲ್ಲ, ಕಾಯಾಕೆ ಜಾಗ ಐತಲ್ಲ? ಬರೋ ವರ್ಷ ತಂದು ಕೊಡು." ನನ್ನ ಗಲ್ಲ ಹಿಡಿದು ಅಲ್ಲಾಡಿಸಿದಳು. "ಇನ್ಮ್ಯಾಕೆ ಇದನ್ನ ನಿನ್ನಷ್ಟು ಹುಷಾರಾಗಿ ಯಾರೂ ಕಾಯಾಕಿಲ್ಲ ಬಿಡು."

ಹೊನ್ನಾಳಿ ಸೇರಿದಾಗ ದೀಪ ಹಚ್ಚುವ ಹೊತ್ತು. ಯಜಮಾನರು ಬುಟ್ಟಿ ನೋಡಿದರು, ನನ್ನ ಮುಖ ನೋಡಿದರು, ಸ್ಟೂಲು ತಂದಿಟ್ಟರು. ಅಡಿಗೆಮನೆಯ ಎತ್ತರದ ಹಲಗೆಯ ಮೇಲೆ, ಕಸ್ಟರ್ಡ್ ಪುಡಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಬುಟ್ಟಿಗೆ ಜಾಗ ಮಾಡಿದೆ. ಇಳಿದು, ತಿಂಗಳ ನಂತರ ಮೊದಲ ಸಲ ಕಾಫಿಗೆ ನೀರನ್ನು ಮರಳುವ ತನಕ ಕಾಯಿಸಿದೆ.

ಅಷ್ಟರಲ್ಲಿ ನೀಲಮ್ಮನವರು ಹೆಪ್ಪಿಗೆ ಬಟ್ಟಲು ಹಿಡಿದು ಬಂದರು. ಮೊಸರು ಹಾಕಿಸಿಕೊಂಡು ಹೊರಟವರು ಹಲಗೆಯ ಕಡೆ ಕತ್ತೆತ್ತಿ ನೋಡಿ, ಬಾಗಿಲಲ್ಲೇ ನಿಂತರು.

"ಇದೇನ್ರೀ ಟೀಚರ್ರೇ, ಇಷ್ಟು ಬೂದಿ? ಹೆಂಗೂ ನೀರು ಕುದೀತಾ ಐತಲ್ಲ, ಒಂದು ಚೊಂಬು ಹೊಯ್ದು ತೊಳೆದಿಡಬಾರ್ದಾ?"